ಐದಡಿ ಎರಡಿಂಚಿನ ಹಾಸಿಗೆ

ನಾನು ಬಡಗಿ. ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಬಾಗಿಲೂ ಚೌಕಟ್ಟಿಗೆ ಕೂರದೆ ವಾಪಸು ಬಂದಿಲ್ಲ. ಈ ಮಾತನ್ನು ನಾನು ದಿನಕ್ಕೆ ಎರಡು ಸಲ ಹೇಳುತ್ತೇನೆ ಎಂದು ಹೆಂಡತಿ ದೂರುತ್ತಾಳೆ. ಸುಳ್ಳು. ಒಂದೇ ಸಲ ಹೇಳುತ್ತೇನೆ, ಅವಳಿಗೆ ಕೇಳಿಸದಿದ್ದರೆ ಇನ್ನೊಂದು ಸಲ.

ನಮಗೆ ಒಬ್ಬಳೇ ಮಗಳು, ಹದಿನೈದು ವರ್ಷ. ಚಿಕ್ಕಂದಿನಲ್ಲಿ ತರಗತಿಗೆಲ್ಲ ಅವಳೇ ಕುಳ್ಳಿ. ಅದಕ್ಕೆ ಅವಳಿಗೆ ‘ಗಿಡ್ಡಿ’ ಎಂದು ಹೆಸರಿಟ್ಟವನು ನಾನು. ಈಗೊಂದು ವರ್ಷದಿಂದ ಶಾಲೆಯಿಂದ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆ ಬಾಗಿಲು ಮಾಡಿದವನೂ ನಾನೇ. ಗಟ್ಟಿ ಮರ, ಒಳಗಿನ ಸದ್ದು ಒಂದಿಷ್ಟೂ ಹೊರಗೆ ಬರುವುದಿಲ್ಲ. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ತಟ್ಟಿದರೆ “ಏನಪ್ಪಾ?” ಎನ್ನುತ್ತಾಳೆ, ಊಟಕ್ಕೆ ಕರೆದರೆ “ಬಂದೆ” ಎನ್ನುತ್ತಾಳೆ. ಮುಗಿಯಿತು. ನನ್ನ ಅಂಗಡಿಯಲ್ಲಿ ಮರದ ಹೊಟ್ಟಿನ ರಾಶಿಯ ಮೇಲೆ ಕೂತು ಕಿವಿ ತೂತಾಗುವ ಹಾಗೆ ಹರಟುತ್ತಿದ್ದ ಹುಡುಗಿ ಇವಳೇನಾ ಅನ್ನಿಸುತ್ತದೆ.

ಹಡಗಿನ ಪ್ರವಾಸದ ಯೋಚನೆ ಬಂದದ್ದು ಅದಕ್ಕೇ. ಐದು ದಿನ, ಸುತ್ತ ನೀರು, ಹೋಗುತ್ತಾಳಾದರೂ ಎಲ್ಲಿಗೆ? ಒಂದು ಸಲವಾದರೂ ಅವಳು ಮೊದಲಿನ ಹಾಗೆ ಕೂತು ನನ್ನ ಜತೆ ಮಾತಾಡಬೇಕು. ನನಗೆ ಬೇಕಿದ್ದದ್ದು ಇಷ್ಟೇ.

“ಬರ್ತೀನಿ. ಆದ್ರೆ ನಂಗೆ ಬೇರೆ ಕ್ಯಾಬಿನ್ ಬೇಕು,” ಎಂದಳು ಗಿಡ್ಡಿ.

ಟಿಕೆಟ್ ಕಚೇರಿಯ ಹೆಂಗಸು ಆಗುವುದಿಲ್ಲ ಎಂದರು. ಹದಿನೆಂಟು ತುಂಬದವರು ಒಂಟಿಯಾಗಿ ಕ್ಯಾಬಿನ್‌ನಲ್ಲಿ ಮಲಗುವಂತಿಲ್ಲ. “ಅಕ್ಕಪಕ್ಕದ ಎರಡು ಕ್ಯಾಬಿನ್ ತಗೊಳ್ಳಿ ಸರ್. ತಾಯಿ ಮಗಳು ಒಂದ್ರಲ್ಲಿ, ನೀವು ಒಂದ್ರಲ್ಲಿ. ನಡುವೆ ಬಾಗಿಲಿರುತ್ತೆ.”

“ಇನ್ನೊಂದು ಬಾಗಿಲಾ? ಬೇಡವೇ ಬೇಡ!”

ಆಕೆ ಇನ್ನೊಂದು ಚಿತ್ರ ತೋರಿಸಿದರು. ಇಬ್ಬರು ಮಲಗುವ ಒಂದು ಮಂಚ, ಎದುರು ಗೋಡೆಯಿಂದ ಬಿಚ್ಚಿಕೊಳ್ಳುವ ಮೇಲ್ಹಾಸಿಗೆ, ಅದಕ್ಕೊಂದು ಪುಟ್ಟ ಏಣಿ, ಪರದೆ, ಓದುವ ದೀಪ. ಫೋನಿನಲ್ಲಿ ಫೋಟೋ ತೆಗೆದು ಮಗಳಿಗೆ ಕಳಿಸಿದೆ. “ಪರದೆ ಇದ್ಯಾ? ಓಕೆ” ಎಂದು ಉತ್ತರ ಬಂತು.

“ಮಕ್ಕಳಿಗೆ ಅಂತ ಮಾಡಿದ ಹಾಸಿಗೆ ಸರ್, ಉದ್ದ ಐದಡಿ ಎರಡಿಂಚು. ಮಗಳ ಎತ್ತರ ಎಷ್ಟು?”

ಬಡಗಿಯನ್ನು ಅಳತೆ ಕೇಳುವುದೇ! ನಮ್ಮ ಅಡಿಗೆಮನೆಯ ಚೌಕಟ್ಟಿನ ಮೇಲೆ ಅವಳ ಒಂದೊಂದು ಹುಟ್ಟುಹಬ್ಬಕ್ಕೂ ಒಂದೊಂದು ಪೆನ್ಸಿಲ್ ಗೆರೆಯಿದೆ. ಎಲ್ಲಕ್ಕಿಂತ ಮೇಲಿನ ಗೆರೆ ನನಗೆ ಬಾಯಿಪಾಠ. “ನಾಲ್ಕಡಿ ಹತ್ತಿಂಚು. ಇನ್ನೂ ನಾಲ್ಕಿಂಚು ಮಿಗುತ್ತೆ, ಬರ್ಕೊಳ್ಳಿ,” ಎಂದೆ.

ಹಡಗು ಹತ್ತಿದ್ದು ಮಧ್ಯಾಹ್ನ. ಕ್ಯಾಬಿನ್ ನನ್ನ ಅಂಗಡಿಯ ಕಾಲುಭಾಗವೂ ಇರಲಿಲ್ಲ, ಆದರೆ ಕೆಲಸ ಎಂದರೆ ಕೆಲಸ! ಅಲೆಗೆ ತೆರೆದುಕೊಳ್ಳದಂತೆ ಕಪಾಟಿನ ಕದಗಳಿಗೆಲ್ಲ ಚಿಲಕ. ನಾನು ಒಂದೊಂದನ್ನೂ ಸವರಿ ನೋಡುತ್ತಿದ್ದೆ. ಕ್ಯಾಬಿನ್ ನೋಡಿಕೊಳ್ಳುವಾಕೆ ಬಂದು ಮೇಲ್ಹಾಸಿಗೆ ಇಳಿಸಿಕೊಟ್ಟಳು. ನೀಲಿ ಪರದೆ, ಅದರ ತುಂಬ ನಗುವ ಮೀನುಗಳು. ಗಿಡ್ಡಿ ಸರಸರನೆ ಏಣಿ ಹತ್ತಿ ಪರದೆ ಎಳೆದುಕೊಂಡಳು.

ದಡ್! ತಲೆ ಹಲಗೆಗೆ ತಾಗಿದ ಸದ್ದು. “ಅಮ್ಮಾ!” ಒಂದಿಷ್ಟು ಹೊರಳಾಟ. ಆಮೇಲೆ ಮೀನುಗಳ ಕೆಳಗಿನಿಂದ ಎರಡು ಪಾದ ಹೊರಗೆ ಬಂದವು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಎಂದಳು ನನ್ನ ಹೆಂಡತಿ. “ಮಿಕ್ಕಿದ ಕಾಲು ಎಲ್ಲಿಡೋದು, ಬಡಗಿಗಳೇ?” ಅಷ್ಟು ಹೇಳಿ ಮಂಚದ ಮೇಲೆ ಬಿದ್ದು ಬಿದ್ದು ನಕ್ಕಳು.

“ಹಡಗಿನವರ ಅಳತೆ ತಪ್ಪಿದೆ,” ಎಂದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಜೇಬಿನ ಟೇಪು ತೆಗೆದು ಅಳೆದೆ. ಐದಡಿ ಎರಡಿಂಚು, ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇಲ್ಲ.

“ಅಪ್ಪ, ನನ್ನ ಎತ್ತರ ಎಷ್ಟು ಅಂತ ಹೇಳಿದ್ದೆ?”

“ಚೌಕಟ್ಟಿನ ಮೇಲೆ ಇರೋದನ್ನೇ ಹೇಳಿದೆ.”

ಪರದೆ ಸರಿಯಿತು. “ಅದು ನನ್ನ ಹದಿಮೂರನೇ ಹುಟ್ಟುಹಬ್ಬದ್ದು!”

“ಆಮೇಲೆ ನೀನೇ ನಿಲ್ಲಲ್ಲ ಅಂದ್ಯಲ್ಲ?” ಕಂಡವರಿಗೆಲ್ಲ ನಾನು ಹೇಳಿಕೊಂಡು ಬಂದದ್ದೂ ಅದನ್ನೇ, ಮಗಳಿಗೆ ಈಗ ಜಂಬ, ಚೌಕಟ್ಟಿಗೆ ನಿಲ್ಲುವುದಿಲ್ಲ ಎಂದು.

“ನಾನು ನಿಂತಿದ್ದೆ ಅಪ್ಪ. ಹದಿನಾಲ್ಕು ತುಂಬಿದ ದಿನ ಬೆಳಿಗ್ಗೆ ಒರಗಿ ನಿಂತು ನಿನ್ನ ಕರೆದೆ. ಯಾರಿಗೋ ಬೀರು ತಲುಪಿಸ್ಬೇಕು, ಸಂಜೆ ಅಳೀತೀನಿ ಅಂತ ನೀನು ಓಡಿದೆ. ಸಂಜೆ ನೀನು ಬರ್ಲೇ ಇಲ್ಲ. ಮಾರನೇ ದಿನ ಕರೆದಾಗ ನಾನು ಬೇಡ ಅಂದಿದ್ದು.”

ಆ ಬೀರು ನನಗೆ ಚೆನ್ನಾಗಿ ನೆನಪಿತ್ತು. ಆರೂವರೆ ಅಡಿ, ಮೂರು ಕದ. ಮಗಳು ಒರಗಿ ನಿಂತದ್ದು ಮಾತ್ರ ನೆನಪಿರಲಿಲ್ಲ. ಟೇಪನ್ನು ಜೇಬಿಗೆ ಹಾಕಿಕೊಂಡೆ.

“ತಪ್ಪಾಯ್ತು ಕಣಮ್ಮ,” ಎಂದೆ.

“ನನ್ನನ್ನಾದ್ರೂ ಕೇಳಬಾರದಿತ್ತೇನ್ರೀ?” ಎಂದಳು ಹೆಂಡತಿ. ಅವಳು ದರ್ಜಿ. “ಎರಡು ವರ್ಷದಲ್ಲಿ ನಾಲ್ಕು ಸಲ ಇವಳ ಪ್ಯಾಂಟಿನ ಮಡಿಕೆ ಬಿಚ್ಚಿದೀನಿ. ಊರಿನ ಬಾಗಿಲೆಲ್ಲ ಅಳೀತೀರಿ, ದೀಪದ ಬುಡದಲ್ಲೇ ಕತ್ತಲು.”

ಹಡಗು ತುಂಬಿದೆ, ಬೇರೆ ಕ್ಯಾಬಿನ್ ಖಾಲಿ ಇಲ್ಲ ಎಂದಳು ಇನ್ನೂ ಬಾಗಿಲಲ್ಲೇ ನಿಂತಿದ್ದ ಕ್ಯಾಬಿನ್ ನೋಡಿಕೊಳ್ಳುವಾಕೆ. ಹೇಳಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಹೆಂಡತಿಯೂ ನೋಡಿದಳು. ಮಗಳೂ ಮೇಲಿಂದ ಬಗ್ಗಿ ನೋಡಿದಳು.

ನನ್ನ ಎತ್ತರ ಐದಡಿ ಒಂದಿಂಚು. ಇದನ್ನು ನಾನು ದಿನಕ್ಕೆ ಎರಡು ಸಲ ಹೇಳುವುದಿಲ್ಲ.

“ಎಂಬತ್ತು ಕಿಲೋವರೆಗೆ ತಡೆಯುತ್ತೆ ಸರ್,” ಎಂದಳಾಕೆ ತುಟಿ ಬಿಗಿಹಿಡಿದು. ನಾನು ಏಣಿ ಹತ್ತಿ ಕಾಲು ಚಾಚಿದೆ. ತಲೆಗೂ ಹಲಗೆ ತಾಗಲಿಲ್ಲ, ಕಾಲಿಗೂ ತಾಗಲಿಲ್ಲ.

“ಹೇಳಿ ಮಾಡಿಸಿದ ಹಾಗಿದೆ ಅಪ್ಪ!” ಗಿಡ್ಡಿ ಚಪ್ಪಾಳೆ ತಟ್ಟಿ ನಕ್ಕಳು. ಒಪ್ಪಂದವನ್ನೂ ಅವಳೇ ಮಾಡಿದಳು. ರಾತ್ರಿ ಅವಳು ಅಮ್ಮನ ಪಕ್ಕ, ನಾನು ಮೀನುಗಳ ಜತೆ. ಹಗಲೆಲ್ಲ ಪರದೆ ಅವಳದು, ನಾನು ಕೇಳದೆ ಇಣುಕುವಂತಿಲ್ಲ.

ಮಾರನೇ ದಿನ ಬೆಳಿಗ್ಗೆ ಹಲಗೆಗೆ ಟಕ್ ಟಕ್ ಎಂದು ಯಾರೋ ತಟ್ಟಿದರು.

“ಏನಮ್ಮಾ?” ಎಂದೆ, ಥೇಟ್ ಅವಳ ಧಾಟಿಯಲ್ಲೇ.

“ಒಳಗೆ ಬರಬಹುದಾ?”

ನಾನು ಮುದುಡಿ ಜಾಗ ಮಾಡಿಕೊಟ್ಟೆ. ಹತ್ತಿ ಬಂದು ಕಾಲು ಇಳಿಬಿಟ್ಟು ಕೂತಳು. ರಾತ್ರಿ ಸೆಖೆಯಾಯ್ತಾ ಎಂದು ಶುರುವಾದ ಮಾತು ಅವಳ ಗಣಿತದ ಮೇಷ್ಟರಿಗೆ ಹೋಯಿತು, ಅಲ್ಲಿಂದ ಜಗಳವಾಡಿ ಮಾತು ಬಿಟ್ಟ ಗೆಳತಿಗೆ, ಅಲ್ಲಿಂದ ಆ ಗೆಳತಿಯ ನಾಯಿಗೆ. ಒಂದು ಗಂಟೆ! ತಿಂಡಿಯ ಹೊತ್ತು ಮೀರಿತು. ಹಸಿವಾಗುತ್ತಿತ್ತು, ಆದರೆ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅಯ್ಯೋ, ಎಂಥ ಖುಷಿ ನನಗೆ!

“ಪೆನ್ಸಿಲ್ ಇದ್ಯಾ?” ಎಂದಳು ಇದ್ದಕ್ಕಿದ್ದಂತೆ.

ಬಡಗಿಯ ಕಿವಿಯ ಹಿಂದೆ ಪೆನ್ಸಿಲ್ ಇರದೆ ಇನ್ನೇನು? ಅವಳು ಕೆಳಗಿಳಿದು ಕ್ಯಾಬಿನ್ ಬಾಗಿಲಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. ಹಡಗಿನ ಬಾಗಿಲಿಗೆ ಗೆರೆ ಎಳೆಯುವಂತಿಲ್ಲ. ಹೆಂಡತಿ ತನ್ನ ಹತ್ತಡಿಯ ಹೊಲಿಗೆಯ ಟೇಪು ತೆಗೆದು ಅವಳ ಬೆನ್ನಿಗೆ ಇಳಿಬಿಟ್ಟಳು. ನಾನು ತುದಿಗಾಲಲ್ಲಿ ನಿಂತೆ. ನೆತ್ತಿ ಕಾಣಲಿಲ್ಲ. ಕೊನೆಗೆ ಹಾಸಿಗೆಯ ಏಣಿ ತಂದು ಹತ್ತಿದೆ, ಅಲುಗದಂತೆ ಮಗಳೇ ಹಿಡಿದುಕೊಂಡಳು. ಟೇಪಿನ ಮೇಲೆ ಗೆರೆ ಎಳೆದೆ. ಐದಡಿ ಆರಿಂಚು.

“ಮನೆಗೆ ಹೋದ ತಕ್ಷಣ ಚೌಕಟ್ಟಿಗೆ ಇಳಿಸ್ತೀನಿ,” ಎಂದೆ.

“ಹದಿನಾಲ್ಕರದ್ದು?”

“ಆ ಜಾಗ ಖಾಲಿ ಇರ್ಲಿ. ದಿನಾ ನನ್ನ ಕಣ್ಣಿಗೆ ಬೀಳ್ಬೇಕು.”

ಅವಳು ನನ್ನ ಕೈಯಿಂದ ಪೆನ್ಸಿಲ್ ಕಸಿದುಕೊಂಡಳು. “ಈಗ ನೀನು ನಿಲ್ಲು.”

ನಿಂತೆ. ಹಿಮ್ಮಡಿ ಎತ್ತಬಾರದೆಂದು ಹೆಂಡತಿ ನೆಲದಲ್ಲೇ ಕೂತು ಕಾವಲು ಕಾದಳು.

“ಐದಡಿ ಅರ್ಧ ಇಂಚು!” ಮಗಳು ಕೂಗಿದಳು. “ಅಮ್ಮಾ, ಇಷ್ಟು ವರ್ಷ ಅರ್ಧ ಇಂಚು ಸುಳ್ಳು ಹೇಳಿದಾನೆ!”

ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನನ್ನ ಅಳತೆ ಎರಡನೇ ಸಲ ತಪ್ಪಿತ್ತು. ನಕ್ಕು ಸುಸ್ತಾದ ಮಗಳು ತುಸು ಹಿಮ್ಮಡಿ ಎತ್ತಿ, ನನ್ನ ನೆತ್ತಿಯ ಮೇಲೆ ಗದ್ದ ಊರಿ ನಿಂತುಕೊಂಡಳು. ಅವಳಿಗೆ ಏಣಿ ಬೇಕಾಗಲಿಲ್ಲ.