ಆನ್‌ಲೈನಿಗೆ ಹೋದ ಕೌದಿ

ನನ್ನ ಸೊಸೆ ಮಯೂರಿಗೆ ಏನು ಕಂಡರೂ ಮೊದಲು ಫೋಟೋ ತೆಗೆಯಬೇಕು. ಕೌದಿ ಕಂಡರಂತೂ ಮುಗಿದೇ ಹೋಯಿತು. ಗ್ಯಾಲರಿಯ ಕಟಾಂಜನಕ್ಕೆ ಹರವಿ, ಬಿಸಿಲು ನೋಡಿ, ನಾಲ್ಕು ದಿಕ್ಕಿನಿಂದ ಫೋಟೋ ಹೊಡೆದು ಆನ್‌ಲೈನಿಗೆ ಹಾಕಿಬಿಡುತ್ತಾಳೆ. ಇಚಲಕರಂಜಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಹಳ ವರ್ಷಗಳಿಂದ ಕೌದಿ ಮಾರುತ್ತಿದ್ದೇನೆ. ಹಳೆ ಸೀರೆಗಳನ್ನು ಪದರ ಹಾಕಿ ಹೊಲಿಯುವವಳು ಕಬನೂರಿನ ಸಾವಕ್ಕ. ಗಿರಾಕಿ ಬರುತ್ತಾರೆ, ಮುಟ್ಟಿ ನೋಡುತ್ತಾರೆ, ಚೌಕಾಸಿ ಮಾಡಿ ಒಯ್ಯುತ್ತಾರೆ. ಸೊಸೆ ಬಂದ ಮೇಲೆ ಅದೇ ಮಾಲಿಗೆ ಇನ್ನೊಂದು ಬಾಗಿಲು ತೆರೆಯಿತು. ಬೆಳಿಗ್ಗೆ ನಾನು ಕಾಗಲದವರಿಗೆ ಕೊಟ್ಟ ಕೌದಿಯನ್ನು ಮಧ್ಯಾಹ್ನ ಅವಳು ಪುಣೆಯವರಿಗೆ ಮಾರಿರುತ್ತಾಳೆ. ಆಮೇಲೆ ನನ್ನ ಮೇಲೆಯೇ ರೇಗುತ್ತಾಳೆ.

"ಅತ್ಯಾರ, ಒಂದ ಮಾರಿದ ಕೂಡ್ಲೆ ನನಗ ಹೇಳ್ರಿ ಅಂತ ಎಷ್ಟ ಸಲ ಹೇಳೇನಿ?"

"ಗಿರಾಕಿ ಮುಂದ ಕುಂತಾಗ ನಿನ್ನ ಹುಡುಕ್ಕೊಂತ ಮಾಳಗಿ ಹತ್ತಲೇನ ನಾನು?"

ದಿನಾ ಇದೇ ಹಾಡು. ನನ್ನ ಮಗ ಅರಿಹಂತ ನಡುವೆ ಬಾಯಿ ಹಾಕುವುದಿಲ್ಲ. ಮನೆ ಹಿಂದಿನ ಮಗ್ಗದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದು ಜಾರಿಕೊಳ್ಳುತ್ತಾನೆ.

ಇಷ್ಟೇ ಆಗಿದ್ದರೆ ಹೇಗೋ ಸಹಿಸುತ್ತಿದ್ದೆ. ಆದರೆ ಕಳೆದ ವಾರ ಗಡಹಿಂಗ್ಲಜದ ಅನ್ನವ್ವ ಬಂದಳು. ಮಳೆಗಾಲದಲ್ಲಿ ಅವಳ ತಾಯಿ ತೀರಿಕೊಂಡಿದ್ದಳು. ಆ ತಾಯಿಯ ಸೀರೆಗಳನ್ನೆಲ್ಲ ಗಂಟು ಕಟ್ಟಿ ತಂದು, ಕೌದಿ ಹೊಲಿಸಿಕೊಡಿ ಎಂದು ನನ್ನ ಕೈಗೆ ಒಪ್ಪಿಸಿ ಹೋಗಿದ್ದಳು.

"ಮುಗದೈತೇನ್ರಿ ನಮ್ಮವ್ವನ ಕೌದಿ?"

"ಯಾವಾಗೋ ಮುಗದೈತಿ, ಬರ್ರಿ" ಎಂದು ಹಗ್ಗದ ಮೇಲೆ ನೋಡಿದೆ. ಇರಲಿಲ್ಲ. ಮಂಚದ ಮೇಲಿನ ರಾಶಿ ತೆಗೆದು ನೋಡಿದೆ, ಅಲ್ಲೂ ಇರಲಿಲ್ಲ.

ಸತ್ತವರ ಸೀರೆಯ ಕೌದಿಯಾದರೆ ಸಾವಕ್ಕ ಒಂದು ಮೂಲೆ ಹೊಲಿಯದೆ ಬಿಡುತ್ತಾಳೆ. ಕೊನೆಯ ಹೊಲಿಗೆ ಮನೆಯವರ ಕೈಯಿಂದಲೇ ಬೀಳಬೇಕು ಎನ್ನುವುದು ಅವಳ ಪದ್ಧತಿ. ಮೂಲೆ ಬಿಟ್ಟ ಕೌದಿ ಮಾರುವ ಮಾಲಲ್ಲ, ಯಾರೋ ನಂಬಿ ಒಪ್ಪಿಸಿದ ಅಮಾನತು. ನನಗದು ಉಸಿರಾಡಿದಷ್ಟು ಸಹಜವಾಗಿ ಗೊತ್ತು. ಒಳಗೆ ಹೋಗಿ ಸೊಸೆಯನ್ನು ಕೇಳಿದೆ.

"ಅದಾ? ಮೂಲಿ ಅರ್ಧಾ ಬಿಟ್ಟಿತ್ತರಿ. ಸಾವಕ್ಕ ಮರತಾಳಂತ ತಿಳದು ಟೇಲರ್ ಕಡೆ ಮಷೀನ್ ಹೊಡಸಿದೆ. ಹದಿನೈದ ದಿನಾ ಆತು, ಫೋಟೋ ಹಾಕಿದ ತಾಸಿನ್ಯಾಗ ಹೋತು, ಕೊಲ್ಹಾಪುರಕ್ಕ."

"ಅಯ್ಯ ನನ್ನವ್ವಾ, ಅದು ಮಾರೂದಲ್ಲ!"

"ಹಂಗಂತ ಯಾರ ಹೇಳ್ಯಾರ ನನಗ? ಎಲ್ಲಾ ನಿಮ್ಮ ತಲ್ಯಾಗ ಇಟಗೊಂಡ ಕುಂತ್ರ ನನಗ ಹೆಂಗ ತಿಳೀಬೇಕರಿ?"

ಆ ಮಾತು ಸುಳ್ಳಲ್ಲ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಅನ್ನವ್ವನಿಗೆ, ಕೌದಿ ತಪ್ಪಿ ಬೇರೆಯವರಿಗೆ ಹೋಗಿದೆ, ಹೋಗಿ ತರುತ್ತೇವೆ ಎಂದೆ. ಅವಳು ಕೂಗಾಡಲಿಲ್ಲ. "ತರ್ರಿ. ನಾ ಇಲ್ಲೇ ಕುಂದರತೀನಿ" ಎಂದು ಗೋಡೆಗೆ ಒರಗಿ ಕೂತಳು. ಕೂಗಾಡಿದ್ದರೆ ವಾಸಿ ಇತ್ತು.

ಅರಿಹಂತ ಗಾಡಿ ತೆಗೆದ. ದಾರಿಯುದ್ದಕ್ಕೂ ನಾನು ಬೈದೆ, ಮಯೂರಿ ಕಿಟಕಿ ನೋಡುತ್ತ ಕೂತಳು. ಕೊಲ್ಹಾಪುರದ ಒಂದು ಫ್ಲ್ಯಾಟಿನಲ್ಲಿ ಕೌದಿ ಕೊಂಡ ವೃಷಾಲಿ ಬಾಗಿಲು ತೆರೆದು, "ಯಾ ನಾ ಕಾಕೂ, ಬಸಾ!" ಎಂದು ಮರಾಠಿಯಲ್ಲಿ ನೆಂಟರನ್ನು ಕರೆದಂತೆ ಒಳಗೆ ಕರೆದಳು. ಮೇಜಿನ ಮೇಲೆ ಹೊಲಿಗೆ ಮಷೀನು, ಪಕ್ಕದಲ್ಲಿ ಉದ್ದನೆಯ ಕತ್ತರಿ.

"ಗೋಧಡೀ? ತೀ ತರ ಕಾಪಲೀ, ಕಾಕೂ!" ಎಂದಳು. ಕತ್ತರಿಸಿಯಾಗಿತ್ತು. ಅವಳದೂ ಆನ್‌ಲೈನ್ ವ್ಯಾಪಾರವೇ. ನಮ್ಮ ಕೌದಿಯನ್ನು ಜ್ಯಾಕೆಟ್ ಮಾಡಿದ್ದಳು, ಹೆಗಲಿಗೆ ಹಾಕುವ ಚೀಲ ಮಾಡಿದ್ದಳು, ಬಹುಪಾಲು ಮಾರಿಯೂ ಬಿಟ್ಟಿದ್ದಳು.

ಬೈಯಲು ಬಾಯಿ ತೆರೆದೆ. ಏನೆಂದು ಬೈಯಲಿ? ದುಡ್ಡು ಕೊಟ್ಟು ಕೊಂಡವಳು ಅವಳು. ಸಂಗತಿ ತಿಳಿದ ಮೇಲೆ ಪಾಪ, ಅವಳೇ ಬಿಳುಚಿಕೊಂಡು, ಉಳಿದಿದ್ದ ಒಂದು ಜ್ಯಾಕೆಟ್, ಎರಡು ಚೀಲ ತಂದು ನನ್ನ ಕೈಗಿಟ್ಟಳು. ಹಿಂದಿರುಗುವಾಗ ಮಯೂರಿ ಅಳತೊಡಗಿದಳು. "ಅಳಬ್ಯಾಡ, ಅತ್ತರ ಜ್ಯಾಕೆಟ್ಟಿನ ತೋಳು ಮತ್ತ ಕೌದಿ ಆಗೂದಿಲ್ಲ" ಎಂದು ಸಿಡುಕಿದೆ. ನಿಜ ಹೇಳಬೇಕೆಂದರೆ ನನಗೂ ಅಳು ಬಂದಿತ್ತು.

ಅನ್ನವ್ವ ಕೂತಲ್ಲೇ ಕೂತಿದ್ದಳು. ಕೊಟ್ಟ ಚಹಾ ಆರಿಹೋಗಿತ್ತು. ಜ್ಯಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತುಂಡು ತುಂಡನ್ನೂ ಬೆರಳಿನಿಂದ ಸವರಿದಳು.

"ಈ ಹಸರ ನನ್ನ ಮದವ್ಯಾಗ ಉಟ್ಟಿದ್ಲು. ಉಳದದ್ದೆಲ್ಲಿ?"

"ಮುಂಬೈಗೆ ಹೋಗೇತಂತರಿ, ನಾಗಪುರಕ್ಕ ಹೋಗೇತಂತ" ಎಂದೆ.

"ಜೀವ ಇರೂತನಕ ಮುರಗೂಡದ ಸಂತಿ ದಾಟಿ ಹೋದಾಕಿ ಅಲ್ಲ ನಮ್ಮವ್ವ. ಸತ್ತಮ್ಯಾಲ ಕತ್ತರಿಸಿ ಊರೂರಿಗೆ ಕಳಿಸಿದ್ರಲ್ರಿ."

ಇಷ್ಟು ವರ್ಷ ಗಿರಾಕಿಗಳ ಜೊತೆ ವಾದ ಮಾಡಿ ಗೆದ್ದವಳು ನಾನು. ಈಗ ಉಳಿದ ಎರಡು ಚೀಲಗಳನ್ನಷ್ಟೇ ಅವಳ ಮುಂದಿಟ್ಟೆ. ಮಯೂರಿ ಅವಳ ಕಾಲ ಬಳಿ ಕೂತು, "ನಂದ ತಪ್ಪಾತ್ರಿ, ಮಾವಶಿ" ಎಂದಳು.

"ತಪ್ಪ ಇರಲಿ. ಒಂದ ಬ್ಲೇಡ್ ತಗೊಂಬಾ" ಎಂದಳು ಅನ್ನವ್ವ.

ಮೂವರೂ ಹೊಲಿಗೆ ಬಿಚ್ಚತೊಡಗಿದೆವು. ತೋಳು ಬೇರೆಯಾಯಿತು, ಕಾಲರು ಬೇರೆಯಾಯಿತು, ಚೀಲದ ಹಿಡಿಕೆ ಬಿಚ್ಚಿತು. ಬಾಗಿಲಿಗೆ ಗಿರಾಕಿ ಬಂದರೆ ಇಂದು ಅಂಗಡಿ ಇಲ್ಲ ಎಂದು ಕಳಿಸಿದೆ. ಬಿಚ್ಚಿದ ತುಂಡುಗಳನ್ನು ಅನ್ನವ್ವನೇ ಒಂದಕ್ಕೊಂದು ಹಚ್ಚಿ ದಾರ ಓಡಿಸಿದಳು. ಒಂದು ಕೂಸಿಗೆ ಹೊದಿಸುವುದಕ್ಕಿಂತ ಸ್ವಲ್ಪ ದೊಡ್ಡದಾಯಿತು, ಅಷ್ಟೇ.

ಅದನ್ನು ನೆಲಕ್ಕೆ ಹಾಸಿ ಅನ್ನವ್ವ ಮಗ್ಗುಲಾಗಿ ಮಲಗಿದಳು. ಮೊಣಕಾಲು ಎದೆಗೆ ಎಳೆದುಕೊಂಡರೂ ಪಾದಗಳು ತಣ್ಣನೆಯ ಫರಸಿಕಲ್ಲಿನ ಮೇಲೆಯೇ ಉಳಿದವು.

"ಸಾಲೂದಿಲ್ಲಲ್ರಿ" ಎಂದಳು ಮಯೂರಿ, ಅಳುವ ದನಿಯಲ್ಲಿ.

ಅನ್ನವ್ವ ಕಣ್ಣು ತೆರೆಯಲಿಲ್ಲ. "ಅವ್ವನ ತೊಡಿ ಮ್ಯಾಲ ಮಲಗಿದಾಗೂ ನನ್ನ ಕಾಲ ಹೊರಗ ಇರತಿದ್ದೂವ" ಎಂದಳು.