ಬಲಗಡೆಯ ರೆಸಿಸ್ಟರ್

ಹೆಡ್‌ಫೋನಿನಲ್ಲಿ ಏನೇ ಕೆಟ್ಟರೂ ಮೊದಲು ಕೇಬಲ್ಲನ್ನು ಬೈಯುವ ಒಂದು ಜಾತಿಯ ಜನರಿದ್ದಾರೆ. ಹಾಡು ಸಪ್ಪೆ ಅನಿಸಿದರೆ ಕೇಬಲ್ಲು, ಪಿಟೀಲು ಚುಚ್ಚಿದರೆ ಕೇಬಲ್ಲು, ಮನೆಯಲ್ಲಿ ಹೆಂಡತಿ ಮುನಿಸಿಕೊಂಡರೂ ಕೇಬಲ್ಲೇ ಇರಬೇಕು. ಅಂಥವರಿಗೆ ಬೆಳ್ಳಿಯ ಲೇಪವಿರುವ ತಾಮ್ರದ ತಂತಿಯನ್ನು ಹೆಣೆದು, ಹೊಳೆಯುವ ಪ್ಲಗ್ಗು ಬೆಸೆದು ಕೊಡುವುದು ಕೈಲಾಸನ ಕಸುಬು. ನಗರ್ತಪೇಟೆಯಲ್ಲಿ ಅವನ ತಂದೆ ಶಿವರುದ್ರಪ್ಪನವರದು ಜಡೆಕುಚ್ಚಿನ ಅಂಗಡಿ; ಅದರ ಅಟ್ಟದ ಮೇಲೆ ಇವನ ಬೆಸುಗೆಯ ಮೇಜು. ಕುಚ್ಚು ಹೆಣೆಯುವ ಮನೆಯಲ್ಲಿ ಹುಟ್ಟಿದವನಿಗೆ ನಾಲ್ಕೆಳೆಯ ಹೆಣಿಗೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗ ಇಂಜಿನಿಯರಿಂಗ್ ಓದಿ ಕೊನೆಗೂ ಜಡೆಯನ್ನೇ ಹೆಣೆಯುತ್ತಿದ್ದಾನೆ ಎಂದು ಶಿವರುದ್ರಪ್ಪನವರು ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದರು.

ವರಮಹಾಲಕ್ಷ್ಮಿ ಹಬ್ಬ ಮುಗಿದು ಅಂಗಡಿಯ ಗಲಾಟೆ ಇಳಿದ ಮೇಲೆ ಮಧುಸೂದನ ಅಟ್ಟ ಹತ್ತಿ ಬಂದ. ಬಸವನಗುಡಿಯವನು, ಹೈಸ್ಕೂಲಿನ ಗೆಳೆಯ. ಸಂಗೀತ ಕಚೇರಿಗಳನ್ನು ರೆಕಾರ್ಡ್ ಮಾಡಿ, ಹಾಡು, ಪಿಟೀಲು, ಮೃದಂಗ ಎಲ್ಲವನ್ನೂ ಹದವಾಗಿ ಬೆರೆಸಿ ಸಭೆಗಳಿಗೆ ಕೊಡುವುದು ಅವನ ಕೆಲಸ. ಕಿವಿಯೇ ಅವನ ಅನ್ನ. ಹೆಡ್‌ಫೋನಿನ ಎಡಭಾಗ ಮಂಕಾಗಿದೆ, ಕೇಬಲ್ ಹೋಗಿರಬೇಕು, ಗಣೇಶನ ಹಬ್ಬದ ಕಚೇರಿಗಳು ತಲೆಯ ಮೇಲೆ ಕೂತಿವೆ, ಒಳ್ಳೆಯದೊಂದು ಮಾಡಿಕೊಡು ಎಂದ. ಕೈಲಾಸ ಮನಸ್ಸಿಟ್ಟು ಹೆಣೆದು ಕೊಟ್ಟ. ಈ ಕೇಬಲ್ ಹಾಕಿಕೊಂಡ ಮೇಲೆ ಹಳೆಯದನ್ನು ಮುಟ್ಟುವುದಿಲ್ಲ ನೋಡು ಎಂದು ಜಂಬವನ್ನೂ ಕೊಚ್ಚಿಕೊಂಡ.

ಕೆಲವು ದಿನ ಬಿಟ್ಟು ಮಧು ಮತ್ತೆ ಬಂದ. ಎಡಗಡೆ ಇನ್ನೂ ಮಂಕೇ. ಹೊಸ ಕೇಬಲ್ ಪಳಗಬೇಕು, ಹಾಡು ಹಾಕಿ ಒಂದಷ್ಟು ದಿನ ಓಡಿಸು, ಆಮೇಲೆ ದನಿ ತೆರೆದುಕೊಳ್ಳುತ್ತದೆ ಎಂದು ಕೈಲಾಸ ಹೇಳಿದ. ಈ ಪಳಗಿಸುವ ಮಾತನ್ನು ಈ ಕಸುಬಿನಲ್ಲಿ ಎಲ್ಲರೂ ಹೇಳುತ್ತಾರೆ, ಗಿರಾಕಿಗಳೂ ಭಕ್ತಿಯಿಂದ ನಂಬುತ್ತಾರೆ. ಕೆಲಸ ಸರಿಯಿಲ್ಲದವನಿಗೆ ಅದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ. ಮಧುವೂ ನಂಬಿದ. ಮನೆಯಲ್ಲಿ ಹಗಲೆಲ್ಲ ಹಾಡು ಹಾಕಿ ಹೆಡ್‌ಫೋನನ್ನು ದಿಂಬಿನ ಮೇಲಿಟ್ಟು ಕೇಬಲ್ಲನ್ನು ಪಳಗಿಸಿದ.

ಮೂರನೆಯ ಸಲ ಬಂದಾಗ ಕೈಲಾಸನಿಗೆ ರೇಗಿತು. ಗೆಳೆಯನನ್ನು ಕೂರಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಎರಡೂ ಕಡೆ ಒಂದೇ ಸಮನಾಗಿ ಬರುವ ದನಿ ಹಾಕಿದ. ಯಾವ ಕಡೆ ಮಂಕು ಎಂದರೆ ಮಧು ಎಡಗಡೆ ಬೆರಳು ತೋರಿಸಿದ. ಕೈಲಾಸ ಹೆಡ್‌ಫೋನನ್ನು ತೆಗೆದು, ಸದ್ದಿಲ್ಲದೆ ತಿರುಗಿಸಿ, ಬಲದ ಬಟ್ಟಲು ಎಡಗಿವಿಗೆ ಬರುವಂತೆ ಹಾಕಿದ. ದೋಷ ಕೇಬಲ್ಲಿನದ್ದೋ ಹೆಡ್‌ಫೋನಿನದ್ದೋ ಆಗಿದ್ದರೆ ಮಂಕು ಈಗ ಬಲಗಡೆಗೆ ಹೋಗಬೇಕಿತ್ತು. ಮಧು ಮತ್ತೆ ಎಡಗಡೆಗೇ ಬೆರಳು ತೋರಿಸಿದ.

ಕೈಲಾಸ ದನಿ ನಿಲ್ಲಿಸಿದ. ಕೆಟ್ಟಿರುವುದು ಕಿವಿ.

ಆ ಕ್ಷಣವೇ ಹೇಳಬಹುದಿತ್ತು. ಮಧು ಕಣ್ಣು ತೆರೆದು, ಗೊತ್ತಾಯ್ತಾ ಎಂದು ಆಸೆಯಿಂದ ಕೇಳಿದ. ಹಾಡು ಕೇಳಿ ಬದುಕುವವನಿಗೆ ನಿನ್ನ ಕಿವಿ ಹೋಗುತ್ತಿದೆ ಎನ್ನುವುದು ಹೇಗೆ? ಹಬ್ಬ ಬೇರೆ ಎದುರಿಗಿದೆ, ಈಗ ಹೆದರಿಸಿದರೆ ಕೆಲಸವೇ ನಿಂತುಹೋದೀತು. ಹೀಗೆಲ್ಲ ಯೋಚಿಸಿದ್ದು ಅರ್ಧ ನಿಜ. ಇನ್ನರ್ಧ ಏನೆಂದರೆ, ಅಷ್ಟೊಂದು ಕೊಚ್ಚಿಕೊಂಡು ಕೊಟ್ಟ ಕೇಬಲ್ಲಿನಿಂದ ಏನೂ ಆಗಲಿಲ್ಲ ಎಂದು ಒಪ್ಪಿಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ. ಬೆಸುಗೆ ಸ್ವಲ್ಪ ಸಡಿಲವಾಗಿದೆ, ಬಿಟ್ಟುಹೋಗು ಎಂದ. ಸಂಜೆ ಕೇಬಲ್ಲಿನ ಬಲಗಡೆಯ ಎಳೆಯನ್ನು ಕತ್ತರಿಸಿ, ನಡುವೆ ಅಕ್ಕಿಕಾಳಿನಷ್ಟು ಚಿಕ್ಕ ರೆಸಿಸ್ಟರೊಂದನ್ನು ಬೆಸೆದು, ಮೇಲೆ ಕಪ್ಪು ಕವಚ ಹಾಕಿ ಮುಚ್ಚಿದ. ಎಡಗಿವಿಗೆ ಕೇಳುವಷ್ಟೇ ಬಲಗಿವಿಗೂ ಕೇಳುವಂತೆ ಬಲದ ದನಿಯನ್ನು ತಗ್ಗಿಸಿದ. ಹಬ್ಬ ಮುಗಿಯಲಿ, ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ.

ಮರುದಿನ ಹೆಡ್‌ಫೋನ್ ಹಾಕಿಕೊಂಡ ಮಧುವಿನ ಮುಖ ಅರಳಿತು. "ಈಗ ಪಳಗ್ತು ಕಣೋ ಮಗಾ," ಎಂದು ಬೆನ್ನು ತಟ್ಟಿದ.

ಮಧುವಿನ ಕೆಲಸ ಈ ಸಲ ಎಲ್ಲರಿಗೂ ಹಿಡಿಸಿತು. ಹಬ್ಬದ ದಿನ ಅವನ ಮನೆಯಲ್ಲಿ ಊಟಕ್ಕೆ ಕೂತಾಗ, ಎಲ್ಲ ಇವನ ಕೈಗುಣ ಎಂದು ಮಧು ಬಂದವರಿಗೆಲ್ಲ ಕೈಲಾಸನನ್ನು ತೋರಿಸಿದ. ಇಬ್ಬರು ತಮಗೂ ಅಂಥದ್ದೇ ಕೇಬಲ್ ಬೇಕೆಂದರು. ಕೈಲಾಸ ತಲೆಯಾಡಿಸಿದ. ಕೈಯಲ್ಲಿದ್ದ ಕಡುಬನ್ನು ಎಲೆಗೆ ವಾಪಸ್ ಇಟ್ಟ. ಮಧುವಿನ ಹೆಂಡತಿ ಅಕ್ಷಯಾ ಎಡಗಡೆಯಿಂದ ಎರಡು ಸಲ ತುಪ್ಪ ಬೇಕಾ ಎಂದು ಕೇಳಿದ್ದು ಮಧುವಿಗೆ ಕೇಳಿಸಲಿಲ್ಲ. ಅವಳು ಗೊಣಗಿಕೊಂಡು ಮುಂದೆ ಹೋದಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಕೈಲಾಸ ಗಣೇಶನನ್ನು ನೀರಿಗೆ ಬಿಡುವವರೆಗೂ ತಳ್ಳಿದ, ಆಮೇಲೂ ತಳ್ಳಿದ. ಅಂಗಡಿಯಲ್ಲಿ ಅಪ್ಪ ಏನು ಕೇಳಿದರೂ ಸಿಡುಕುತ್ತಿದ್ದ.

ಒಂದು ಸೋಮವಾರ ಮಧು ಫೋನನ್ನು ಎಡಗಿವಿಗೆ ಹಿಡಿದು, ಫೋನ್ ಕೆಟ್ಟಿದೆ ಎಂದ. ಅಕ್ಷಯಾ ಅದೇ ಫೋನನ್ನು ಅವನ ಬಲಗಿವಿಗೆ ಹಿಡಿದಳು; ಚೆನ್ನಾಗಿ ಕೇಳಿಸಿತು. ಮರುದಿನವೇ ಗಾಂಧಿ ಬಜಾರಿನ ಹತ್ತಿರದ ಕಿವಿಯ ಡಾಕ್ಟರ ಬಳಿ ಹೊರಡಿಸಿದಳು. ಅವಳಿಗೆ ಕಾಲೇಜಿನಲ್ಲಿ ಪಾಠವಿತ್ತು. ಜೊತೆಗೆ ಹೋಗಲು ಕೈಲಾಸನನ್ನೇ ಕರೆದಳು.

ಡಾಕ್ಟರು ಪರೀಕ್ಷೆಯ ಗೆರೆಗಳನ್ನು ನೋಡಿ, ಒಳಗಿವಿಯ ನರಕ್ಕೆ ಪೆಟ್ಟಾಗಿದೆ ಎಂದರು. ಇಂಥದ್ದಕ್ಕೆ ಎಷ್ಟು ಬೇಗ ಔಷಧಿ ಬಿದ್ದರೆ ಅಷ್ಟು ಒಳ್ಳೆಯದು, ಯಾವಾಗಿನಿಂದ ಹೀಗೆ ಎಂದು ಕೇಳಿದರು.

"ನಿನ್ನೆಯಿಂದ ಡಾಕ್ಟ್ರೇ. ಅದಕ್ ಮುಂಚೆ ಏನೂ ಇರ್ಲಿಲ್ಲ. ಹಬ್ಬದಲ್ಲೆಲ್ಲ ಹೆಡ್‌ಫೋನಲ್ಲೇ ಕೆಲಸ ಮಾಡಿದೀನಿ, ಎರಡೂ ಕಡೆ ಸಮ ಇತ್ತು. ಕೇಳೋದೇ ನನ್ ಕೆಲಸ, ತಪ್ಪಾಗಲ್ಲ."

ಡಾಕ್ಟರ ಮುಖ ಹಗುರವಾಯಿತು. ಬೇಗ ಬಂದಿದ್ದೀರಿ, ಹಾಗಿದ್ದರೆ ಮಾತ್ರೆಯಲ್ಲೇ ನೋಡೋಣ, ಹದಿನೈದು ದಿನ ಬಿಟ್ಟು ಬನ್ನಿ ಎಂದು ಬರೆಯತೊಡಗಿದರು. ಹಳೆಯದಾಗಿದ್ದರೆ ಕಿವಿಯೊಳಗೆ ಇಂಜೆಕ್ಷನ್ ಕೊಡಬೇಕಾಗುತ್ತಿತ್ತು, ಆಗಲೂ ಭರವಸೆ ಕಮ್ಮಿ ಎಂದರು. ಮಧು ಕೈಲಾಸನ ಕಡೆ ತಿರುಗಿ ಸಮಾಧಾನದಿಂದ ನಕ್ಕ.

ಇನ್ನೂ ಹದಿನೈದು ದಿನ ಹೋಗುತ್ತದೆ. ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಿವಿ ಮಾತ್ರ ಹೋಗುತ್ತದೆ. ಕೈಲಾಸ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ನಿನ್ನೆಯಿಂದ ಅಲ್ಲ ಡಾಕ್ಟ್ರೇ," ಎಂದ. "ವರಮಹಾಲಕ್ಷ್ಮಿ ಹಬ್ಬದಿಂದ ಹಿಂಗೇ ಇದೆ. ಇವನಿಗೆ ಗೊತ್ತಾಗ್ದಂಗೆ ನಾನೇ ಮಾಡ್ದೆ. ಕೇಬಲ್ಲಲ್ಲಿ ಬಲಗಡೆ ರೆಸಿಸ್ಟರ್ ಹಾಕಿ ಸೌಂಡ್ ಕಮ್ಮಿ ಮಾಡಿದೀನಿ."

ಡಾಕ್ಟರ ಪೆನ್ನು ನಿಂತಿತು. ಬರೆದ ಚೀಟಿಯನ್ನು ಹರಿದು ಹಾಕಿದರು. ಇವತ್ತೇ ಇಂಜೆಕ್ಷನ್ ಶುರು ಮಾಡೋಣ, ಎಷ್ಟು ವಾಪಸ್ ಬರುತ್ತದೋ ಹೇಳಲಾರೆ, ಆಗಲೇ ಬಂದಿದ್ದರೆ ಮಾತು ಬೇರೆ ಇತ್ತು ಎಂದು ಮಧುವಿಗೆ ಹೇಳಿದರು. ಕೈಲಾಸನ ಕಡೆ ನೋಡಲೂ ಇಲ್ಲ.

ಮಧು ಕೈಲಾಸನ ಕಡೆ ತಿರುಗಿದ. ಒಂದೇ ಮಾತು ಕೇಳಿದ.

"ಅವತ್ತು ಕಣ್ಣು ಮುಚ್ಚಿಸಿದ್ಯಲ್ಲ. ಆಗ್ಲೇ ಗೊತ್ತಾಯ್ತಾ?"

"ಹೂಂ."

ಇಂಜೆಕ್ಷನ್ ಮುಗಿಸಿಕೊಂಡು ಮಧು ಹೊರಬಂದಾಗ ತಲೆ ತಿರುಗುತ್ತಿತ್ತು. ಆಟೋ ಸ್ಟ್ಯಾಂಡಿನವರೆಗೆ ನಡೆಯಬೇಕಿತ್ತು. ಕೈಲಾಸ ಅವನ ಬಲಗಡೆಗೆ ಬಂದು ತೋಳು ಹಿಡಿದ. ಹೂವಿನವರ ಗಲಾಟೆಯ ನಡುವೆ ಕೇಳಿಸಲಿ ಎಂದು ಬಲಗಿವಿಗೆ ಬಗ್ಗಿ, ತಪ್ಪಾಯ್ತು ಕಣೋ, ನನ್ನ ಜಂಬಕ್ಕೆ ನಿನ್ನ ಕಿವಿ ತೆಗೆದೆ ಎಂದು ಹೇಳತೊಡಗಿದ. ಮಧು ನಿಂತ. ತೋಳು ಬಿಡಿಸಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಕೈಲಾಸನ ಭುಜ ಹಿಡಿದು, ನಿಧಾನವಾಗಿ ತನ್ನ ಹಿಂದಿನಿಂದ ಸುತ್ತಿಸಿ, ಎಡಗಡೆಗೆ ತಂದು ನಿಲ್ಲಿಸಿಕೊಂಡ.

"ಈಗ ಹೇಳು," ಎಂದು ಮುಂದೆ ನೋಡಿಕೊಂಡು ನಡೆಯತೊಡಗಿದ.