ಪೂರ್ವಕ್ಕೆ ನದಿ

ಕನ್ನಡಕ ಕಾಣದೆ ಹೋದರೆ ಯಾರಾದರೂ ಮೇಜನ್ನೆಲ್ಲ ತಡಕಾಡುತ್ತಾರೆ. ನನ್ನ ಪಕ್ಕದ ಮೇಜಿನ ಪತ್ರಬರಹಗಾರರು ಮಾತ್ರ ಕುಳಿತಲ್ಲಿಂದ ಅಲುಗದೆ ಅದರ ಎಲ್ಲೆಗಳನ್ನು ಹೇಳುತ್ತಿದ್ದರು. "ಪೂರ್ವಕ್ಕೆ ಶಾಯಿ ಕುಡಿಕೆ, ಪಶ್ಚಿಮಕ್ಕೆ ನನ್ನ ಮೊಣಕೈ, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ನಿಮ್ಮ ಟೈಪ್‌ರೈಟರು. ಇದರ ಮಧ್ಯೆ ಇರ್ಬೇಕು ನೋಡಿ." ನೋಡಿದರೆ ಅಲ್ಲೇ ಇರುತ್ತಿತ್ತು. ಜಮೀನಿನ ಪತ್ರದಲ್ಲಿ ನಾಲ್ಕು ದಿಕ್ಕಿನ ಗಡಿಯನ್ನು ಬರೆಯುವ ಆ ಚಕ್ಕುಬಂದಿಯ ಭಾಷೆ ನಲವತ್ತು ವರ್ಷ ಬರೆದೂ ಬರೆದೂ ಅವರ ನಾಲಗೆಗೆ ಅಂಟಿಬಿಟ್ಟಿತ್ತು. ಮೊಮ್ಮಗಳು ಹುಟ್ಟಿದ ದಿನ ಮಗು ಹೇಗಿದೆ ಎಂದು ನಾನು ಕೇಳಿದಾಗಲೂ ಅವರು ಮೂಗು, ಬಣ್ಣ ಏನನ್ನೂ ಹೇಳಲಿಲ್ಲ. "ಪೂರ್ವಕ್ಕೆ ಅವಳಮ್ಮ, ಪಶ್ಚಿಮಕ್ಕೆ ದಿಂಬು, ಸುಖವಾಗಿ ಮಲಗಿದೆ" ಎಂದರು. ಹೀಗಾಗಿ ಅವರ ಹುಟ್ಟುಹೆಸರು ಸಹಿಗೆ ಮಾತ್ರ ಉಳಿದು, ಊರಿಗೆಲ್ಲ ಅವರು ಚಕ್ಕುಬಂದಿಯವರಾದರು.

ನೋಂದಣಿ ಕಚೇರಿಯ ಜಗುಲಿಯಲ್ಲಿ ಅವರ ಮೇಜೂ ನನ್ನ ಮೇಜೂ ಹದಿನೆಂಟು ವರ್ಷ ಒಂದಕ್ಕೊಂದು ಒರಗಿಕೊಂಡಿದ್ದವು. ಅವರು ಪತ್ರ ಬರೆಯುವವರು, ನಾನು ಟೈಪು ಮಾಡುವವನು. ಕಂದು ಬಣ್ಣದ ಒಂದು ಕೋಟು, ಅದರ ಎಡಜೇಬಿನ ಮೇಲೆ ಎಂದೋ ಸೋರಿದ ಶಾಯಿಯ ಕಲೆ, ಕಾಲಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕರಿಯ ಬೂಟು. ಆ ಬೂಟುಗಳ ಮೇಲಿನ ಅವರ ವ್ಯಾಮೋಹ ಹೇಳತೀರದು. ಮಳೆ ನಿಂತ ಬೀದಿಯಲ್ಲಿ ಅವರು ಬರುವುದನ್ನು ನೋಡಬೇಕಿತ್ತು: ಒಣನೆಲವನ್ನು ಕಣ್ಣಲ್ಲೇ ಅಳೆದು, ಬೆಕ್ಕಿನಂತೆ ಒಂದೊಂದೇ ಪಾದ ಎತ್ತಿಟ್ಟು, ಹತ್ತು ಮಾರು ದಾಟಲು ಹತ್ತು ನಿಮಿಷ. ಇಡೀ ಕಣಿವೆಯ ಅರ್ಧ ಜಮೀನು ಅವರ ಅಕ್ಷರದಲ್ಲಿತ್ತು. ಆದರೆ ಅದರಲ್ಲಿ ಒಂದು ಅಂಗೈಯಗಲವನ್ನೂ ಅವರು ಮೆಟ್ಟಿರಲಿಲ್ಲ. ಕೇಳಿದರೆ, "ನೆಲ ನೋಡೋಕೆ ಹೋದ್ರೆ ಗೊಂದಲ ಜಾಸ್ತಿ. ಕಾಗದ ಸ್ಪಷ್ಟವಾಗಿರತ್ತೆ" ಎನ್ನುತ್ತಿದ್ದರು. ಇದು ಅವರ ಸಿದ್ಧಾಂತ. ಸಿದ್ಧಾಂತಕ್ಕಿಂತ ಬೂಟಿನ ಚಿಂತೆಯೇ ಹೆಚ್ಚಿತ್ತೆಂದು ನಾನು ಈಗಲೂ ನಂಬಿದ್ದೇನೆ.

ಒಂದು ಬೆಳಗ್ಗೆ ಊರಿನ ಪಶುವೈದ್ಯೆ ಬಂದು ಅವರ ಎದುರಿನ ಬೆಂಚಿನಲ್ಲಿ ಕುಳಿತರು. ನದಿಯ ಅಂಚಿನ ತಮ್ಮ ಜಮೀನಿಗೆ ಒಂದು ಪತ್ರ ಬೇಕೆಂದರು.

"ಮಾರಾಟವೋ, ದಾನವೋ?"

"ಎರಡೂ ಅಲ್ಲ. ನಾನಾಗಲಿ, ನನ್ನ ನಂತರದವರಾಗಲಿ ದಡದ ಪಟ್ಟಿಯನ್ನ ಉಳಬಾರದು, ಅಗೆಯಬಾರದು, ಬೇಲಿ ಹಾಕಬಾರದು. ಹಾಗಂತ ಬರೀರಿ."

"ಅಂದ್ರೆ, ಏನೂ ಮಾಡಬಾರದು ಅಂತ ಪತ್ರ?"

"ಹೌದು. ಏನೂ ಮಾಡದೆ ಬಿಡೋದೇ ಕೆಲಸ."

ಮೇಲಿನ ಕಾಡಿಗೂ ಕೆಳಗಿನ ಜೌಗಿಗೂ ನಡುವೆ ನೀರುನಾಯಿಗಳು, ಕಾಡುಬೆಕ್ಕುಗಳು, ದಡದಲ್ಲಿ ಮೊಟ್ಟೆಯಿಡುವ ಆಮೆಗಳು ಓಡಾಡಲು ಇದ್ದ ದಾರಿ ನದಿಯಂಚು ಒಂದೇ. ಅದು ಹೊಲದಿಂದ ಹೊಲಕ್ಕೆ ತುಂಡಾಗುತ್ತ ಬಂದಿತ್ತು. ಹನ್ನೊಂದು ಹಿಡುವಳಿಗಳವರು ಒಪ್ಪಿದರೆ ದಾರಿ ಮತ್ತೆ ಕೂಡಿಕೊಳ್ಳುತ್ತದೆ ಎಂದು ವೈದ್ಯೆ ವಿವರಿಸಿದರು. ಚಕ್ಕುಬಂದಿಯವರು ಬಹಳ ಹೊತ್ತು ಲೇಖನಿಯ ತುದಿ ನೋಡಿದರು. ಜೀವಮಾನವಿಡೀ ಒಂದನ್ನು ಎರಡು, ಎರಡನ್ನು ನಾಲ್ಕು ಮಾಡಿ ಬರೆದವರಿಗೆ, ಬಿಡಿಬಿಡಿಯಾದದ್ದನ್ನು ಹೊಲಿಯುವ ಪತ್ರವೊಂದು ಕೈಗೆ ಬಂದದ್ದು ಅದೇ ಮೊದಲು. ಆ ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ.

ಮುಂದಿನ ಐದು ವರ್ಷ ಅವರಿಗೆ ಅದೇ ಹುಚ್ಚು. ಕ್ರಯಪತ್ರಕ್ಕೆಂದು ಬಂದವರನ್ನೂ ಹಿಡಿದು ಕೂರಿಸಿ ಆಮೆಯ ಮೊಟ್ಟೆಯ ಕಥೆ ಹೇಳುವರು. ಸ್ವತಃ ಒಂದು ಆಮೆಯನ್ನೂ ಕಂಡವರಲ್ಲ. ಎಲ್ಲ ವೈದ್ಯೆಯ ಬಾಯಿಂದ ಕೇಳಿದ್ದು. ಆದರೆ ಜನಕ್ಕೆ ಅವರ ಅಕ್ಷರದ ಮೇಲಿದ್ದ ವಿಶ್ವಾಸ ದೊಡ್ಡದು. "ನಮ್ಮಪ್ಪನ ಪತ್ರ ಬರೆದೋರು ಹೇಳ್ತಿದಾರೆ, ಕೆಟ್ಟದ್ದಕ್ಕೆ ಹೇಳ್ತಾರಾ?" ಎಂದುಕೊಂಡು ಒಬ್ಬೊಬ್ಬರಾಗಿ ಹತ್ತು ಮಂದಿ ಸಹಿ ಹಾಕಿದರು. ಉಳಿದದ್ದು ಹನ್ನೊಂದನೆಯದು. ಸರಿಯಾಗಿ ನಡುಮಧ್ಯದ್ದು. ಅದು ಅವರ ಸ್ವಂತ ಅಕ್ಕನದು.

ಇಲ್ಲಿ ಹಳೆಯ ಹುಣ್ಣೊಂದನ್ನು ಕೆರೆಯಬೇಕಾಗಿದೆ. ತಂದೆಯ ಜಮೀನು ಪಾಲಾದಾಗ ಪತ್ರ ಬರೆದವರು ಇವರೇ. ಅಕ್ಕನ ಪಾಲಿಗೆ "ಪೂರ್ವಕ್ಕೆ ನದಿ" ಎಂದು ಬರೆದರು. ಮರುವರ್ಷ ಆಚೆ ದಡದ ಒಕ್ಕಲಿಗೂ ಒಂದು ಪತ್ರ ಬರೆದುಕೊಟ್ಟರು, ಅದರಲ್ಲಿ "ಪಶ್ಚಿಮಕ್ಕೆ ನದಿ." ಅಳತೆಯಿಲ್ಲ, ಕಲ್ಲಿನ ಗುರುತಿಲ್ಲ, ಎರಡು ಪತ್ರಕ್ಕೂ ಒಂದೇ ನದಿ ಗೋಡೆ. ಒಂದು ಮಹಾಪೂರದಲ್ಲಿ ಆ ಗೋಡೆಯೇ ಎದ್ದು ನಡೆಯಿತು. ನದಿ ಹಳೆಯ ಪಾತ್ರ ಬಿಟ್ಟು ಅಕ್ಕನ ಹೊಲವನ್ನು ಸೀಳಿಕೊಂಡು ಹರಿಯಿತು, ಅವಳ ನೆಲದ ಒಂದು ತುಂಡು ಆಚೆ ದಡಕ್ಕೆ ಸೇರಿಹೋಯಿತು. ನದಿಯವರೆಗೂ ನಮ್ಮದು ಎಂದು ಆಚೆಯವರು ಪತ್ರ ತೋರಿಸಿದರು. ಅಕ್ಕನೂ ತನ್ನ ಪತ್ರ ತೋರಿಸಿದಳು. ಎರಡರಲ್ಲೂ ತಮ್ಮನ ಮುತ್ತಿನಂಥ ಅಕ್ಷರ. ವ್ಯಾಜ್ಯ ಹತ್ತೊಂಬತ್ತು ವರ್ಷ ಎಳೆಯಿತು. ಚಕ್ಕುಬಂದಿಯವರು ಮಾತ್ರ ಒಂದೇ ಪಲ್ಲವಿ ಹಿಡಿದಿದ್ದರು: "ನಾನು ಸರಿಯಾಗೇ ಬರೆದಿದ್ದೆ. ನದಿ ತಪ್ಪಿ ನಡೀತು."

ಈ ಮಾತು ಕಿವಿಗೆ ಬಿದ್ದ ದಿನದಿಂದ ಅಕ್ಕ ಅವರೊಡನೆ ಮಾತು ಬಿಟ್ಟಿದ್ದಳು.

ಹತ್ತನೆಯ ಸಹಿಯಾದ ವರ್ಷ ಇಟ್ಟಿಗೆ ಭಟ್ಟಿಯವರು ನಡುವೆ ಬಂದರು. ವ್ಯಾಜ್ಯದ ತುಂಡಿನಲ್ಲಿ ಒಳ್ಳೆಯ ಜೇಡಿಮಣ್ಣಿದೆ. ಎರಡೂ ಕಡೆಯವರು ರಾಜಿಯಾಗಿ ಕೊಟ್ಟರೆ ಅಗೆದುಕೊಳ್ಳುತ್ತೇವೆ ಎಂದರು. ಆಚೆ ದಡದ ಮುದುಕರು ತೀರಿಕೊಂಡು ಅವರ ಮಗಳು ಹಕ್ಕಿಗೆ ಬಂದಿದ್ದಳು. ಆಕೆ, "ಅವರು ಯಾವುದಕ್ಕೆ ಸಹಿ ಹಾಕ್ತಾರೋ ನಾನೂ ಅದಕ್ಕೇ ಹಾಕ್ತೀನಿ, ನನಗೂ ಸಾಕಾಗಿದೆ" ಎಂದುಬಿಟ್ಟಳು. ಎಲ್ಲವೂ ಅಕ್ಕನ ಒಂದು ಸಹಿಗೆ ಬಂದು ನಿಂತಿತು. ಭಟ್ಟಿಗೆ ಬಿದ್ದರೆ ನಡುವೆ ಹೊಂಡ. ಹತ್ತು ಪತ್ರಗಳೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಈ ಸುದ್ದಿ ಬಂದ ಮಾರನೆಯ ಬೆಳಗ್ಗೆ ಚಕ್ಕುಬಂದಿಯವರು ಅಕ್ಕನ ಮನೆಗೆ ಹೊರಟರು. ಒಬ್ಬರೇ ಹೋಗಲು ಧೈರ್ಯವಿಲ್ಲದೆ, ಕಾಗದದ ಚೀಲ ಹೊರುವ ನೆಪದಲ್ಲಿ ನನ್ನನ್ನೂ ಎಳೆದುಕೊಂಡು ಹೋದರು.

ಅಕ್ಕ ಕೊಟ್ಟಿಗೆಯ ಮುಂದೆ ಕರುವಿನ ಮೈ ಉಜ್ಜುತ್ತಿದ್ದಳು. ಎಪ್ಪತ್ತೈದು ದಾಟಿದ ಕಡ್ಡಿಯಂಥ ಜೀವ, ದನಿ ಮಾತ್ರ ಕಂಚು. ತಮ್ಮನನ್ನು ನೋಡಿದಳು, ಮಾತಾಡಿದ್ದು ಕರುವಿನ ಜೊತೆ.

"ನೋಡೇ ಕರು, ಯಾರೋ ದೊಡ್ಡೋರು ಬಂದಿದಾರೆ. ಬೂಟು ನೋಡು, ನಿನ್ನ ಮುಖ ಕಾಣತ್ತೆ."

"ಅಕ್ಕ, ಭಟ್ಟಿಯವರಿಗೆ ಕೊಡಬೇಡ."

"ಕೊಡಬೇಡ ಅಂತೆ. ಇವರು ಬರೆದ ಕಾಗದಕ್ಕೆ ಒಂದ್ಸಲ ಸಹಿ ಹಾಕಿದ್ದೇ ಸಾಕಾಗಿದೆ ಅಂತ ಹೇಳು."

"ಈ ಸಲ ಸರಿಯಾಗಿ ಬರೀತೀನಿ."

ಅಕ್ಕನ ಕೈ ನಿಂತಿತು. "ಹೋದ ಸಲಾನೂ ಸರಿಯಾಗೇ ಬರೆದಿದ್ರಂತಲ್ಲ, ಕರು? ಎಲ್ಲಿಂದ ಎಲ್ಲಿಗೆ ನಮ್ಮ ನೆಲ ಅಂತ ಬರೆದೋರು ಒಂದ್ಸಲ ನಡೆದು ತೋರಿಸ್ಲಿ. ಆಮೇಲೆ ಸಹಿ ಮಾತು."

ಎಂದವಳೇ ಸೆರಗು ಬಿಗಿದು ನದಿಯ ಕಡೆ ನಡೆದಳು. ಹಿಂದೆ ನಾವು. ಬೇಸಿಗೆಯ ನದಿ ಮೊಣಕಾಲುದ್ದ ಹರಿಯುತ್ತಿತ್ತು; ಅಕ್ಕ ಒಂದು ಕ್ಷಣವೂ ನಿಲ್ಲದೆ ಇಳಿದು ನಡುನೀರು ಸೇರಿದ್ದಳು. ಚಕ್ಕುಬಂದಿಯವರು ದಡದಲ್ಲಿ ನಿಂತರು. ಬೂಟು ನೋಡಿದರು, ನೀರು ನೋಡಿದರು, ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಕೊನೆಗೆ ಕಲ್ಲೊಂದರ ಮೇಲೆ ಕುಳಿತು ದಾರ ಬಿಚ್ಚಿದರು. ಬಿಸಿಲು ಕಾಣದ ಆ ಬಿಳಿ ಪಾದಗಳನ್ನು ಅಷ್ಟು ವರ್ಷಗಳಲ್ಲಿ ನಾನು ಮೊದಲ ಬಾರಿಗೆ ಕಂಡೆ. ಎಳೆಮಗುವಿನ ಪಾದಗಳಂತಿದ್ದವು. ಬೂಟುಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು, ನೂರಾರು ಸಲ ತಾವು ಬರೆದಿದ್ದ ನದಿಯೊಳಕ್ಕೆ ಅವರು ಇಳಿದರು. ನಡುನೀರಿನಲ್ಲಿ ಕಾಲು ಜಾರಿ ಎಡಗೈಯ ಬೂಟು ನೀರಿಗೆ ಬಿತ್ತು. ತೇಲಿಹೋಗುವ ಬೂಟನ್ನು ಅವರು ತಿರುಗಿಯೂ ನೋಡದಿದ್ದಾಗ, ಈ ಮನುಷ್ಯನಿಗೆ ಇವತ್ತು ಏನೋ ಆಗಿದೆ ಎಂದು ನನಗೆ ಗೊತ್ತಾಯಿತು.

ಆಚೆ ಹತ್ತಿದರೆ ಅಲ್ಲಿ ಹೊಲವಿರಲಿಲ್ಲ. ವ್ಯಾಜ್ಯದ ನೆಲವೆಂದು ಹತ್ತೊಂಬತ್ತು ವರ್ಷ ಯಾರೂ ನೇಗಿಲು ಹಾಯಿಸದೆ, ಕೊಡಲಿ ಹಾಕದೆ ಬಿಟ್ಟ ತುಂಡು ಅದು. ಆಳೆತ್ತರದ ಜೊಂಡು, ತಾನಾಗಿ ಎದ್ದ ಮರಗಳು, ಹಳೆಯ ಪಾತ್ರದಲ್ಲಿ ಕದಡದೆ ನಿಂತ ತಿಳಿನೀರು, ಅದರ ಮೇಲೆ ನೀಲಿಗೆರೆ ಎಳೆದು ಹೋದ ಮಿಂಚುಳ್ಳಿ. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ಮೀನಿನ ಹುರುಪೆ ಚೆಲ್ಲಿದ್ದ ಬಂಡೆಯ ಪಕ್ಕದಲ್ಲಿ ನೀರು ಗುಳುಗುಳು ಎಂದು, ನೀರುನಾಯಿಯೊಂದರ ಚಪ್ಪಟೆ ತಲೆ ಮೇಲೆದ್ದಿತು. ಹಿಂದೆ ಎರಡು ಮರಿ. ಮೂರೂ ನಮ್ಮನ್ನು ಬಹಳ ಗಂಭೀರವಾಗಿ ಪರಿಶೀಲಿಸಿ, ದಾಖಲೆಯಲ್ಲಿ ಏನೋ ಕೊರತೆ ಕಂಡವರಂತೆ ಮುಳುಗಿಬಿಟ್ಟವು.

ಚಕ್ಕುಬಂದಿಯವರು ಬರಿಗಾಲಲ್ಲಿ ಕೆಸರಿನಲ್ಲಿ ನಿಂತಿದ್ದರು. ಕಣ್ಣು ತುಂಬಿತ್ತು.

"ಅಕ್ಕ," ಎಂದರು, "ನದಿ ತಪ್ಪಿಲ್ಲ. ತಪ್ಪು ನಂದು. ಒಂದ್ಸಲ ಬಂದು ನೋಡಿದ್ರೆ ಸಾಕಿತ್ತು. ಬರಲಿಲ್ಲ."

ಅಕ್ಕ ಅತ್ತಿತ್ತ ನೋಡಿದಳು. ಸುತ್ತ ಕರುವಿರಲಿಲ್ಲ, ಮಾತಾಡಲು ತಮ್ಮನೊಬ್ಬನೇ ಇದ್ದ.

"ಲೋ," ಎಂದಳು, "ಈ ಮರಿಗಳ ಅಜ್ಜಿಯಿಂದ ನೋಡ್ತಾ ಬಂದಿದೀನಿ ನಾನು. ಭಟ್ಟಿಯವರಿಗೆ ಇದನ್ನ ಕೊಡ್ತೀನಾ? ನೀನು ಬರ್ತೀಯೇನೋ ಅಂತ ಕಾಯ್ತಿದ್ದೆ. ಬರ್ಕೋ."

ಬಂಡೆಯ ಮೇಲೆ ಕಾಗದ ಹರಡಿ ಅವರು ಬರೆದರು. ಮೊದಲ ಬಾರಿಗೆ ಚಕ್ಕುಬಂದಿಯನ್ನು ಬೇರೊಬ್ಬರು ಹೇಳಿದರು, ಅವರು ಬರೆದುಕೊಂಡರು. "ಪೂರ್ವಕ್ಕೆ ಹಳೇ ಹೊಳೆ, ಅದರಾಚೆ ದಡದಿಂದ ನನ್ನ ನೂರು ಹೆಜ್ಜೆ. ಪಶ್ಚಿಮಕ್ಕೆ ಹೊಸ ಹೊಳೆ, ಅದರಾಚೆಗೂ ನೂರು ಹೆಜ್ಜೆ. ಹೊಳೆ ನಾಳೆ ಎಲ್ಲಿಗೆ ಹೋದ್ರೂ ಹೆಜ್ಜೆ ಅದರ ಹಿಂದೆ ಹೋಗ್ಬೇಕು. ಯಾರದು ಅಂತ ಬರೀಬೇಡ. ಯಾರೂ ಮುಟ್ಟಬಾರದು ಅಂತ ಬರಿ." ಆಮೇಲೆ ನೂರು ಹೆಜ್ಜೆಯನ್ನು ತಾನೇ ನಡೆದು ತೋರಿಸಿದಳು. ಉಳಿದ ಒಂದು ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡು ಚಕ್ಕುಬಂದಿಯವರು ಪಕ್ಕದಲ್ಲೇ ಎಣಿಸುತ್ತ ನಡೆದರು.

ನೋಂದಣಿ ಅಧಿಕಾರಿ ಕರಡು ನೋಡಿ ತಲೆ ಕೆರೆದುಕೊಂಡರು. "ಗಡಿ ಅಂದ್ರೆ ಒಂದು ಕಡೆ ನಿಲ್ಲಬೇಕಲ್ರೀ. ಇದು ಓಡಾಡೋ ಗಡಿ. ಹೋಗಲಿ, ಹೆಜ್ಜೆ ಅಂದ್ರೆ ಯಾರ ಹೆಜ್ಜೆ?"

"ನಮ್ಮಕ್ಕಂದು ಸಾರ್. ನಿಂತಿದ್ದ ಗಡಿ ಬರೆದು ಹತ್ತೊಂಬತ್ತು ವರ್ಷ ಅನುಭವಿಸಿದೀನಿ. ಇದನ್ನ ನಡೆದು ಬರೆದಿದೀನಿ."

ಅಧಿಕಾರಿ ಹೆಜ್ಜೆಯ ಪಕ್ಕದಲ್ಲಿ ಮೀಟರಿನ ಲೆಕ್ಕವನ್ನೂ ಬರೆಯಿಸಿ ಮುದ್ರೆ ಒತ್ತಿದರು. ಆಚೆ ದಡದ ಮಗಳು ಮಾತು ತಪ್ಪದೆ ಬಂದು ಸಹಿ ಹಾಕಿದಳು. ಅದಾದ ಮೇಲೆ ಚಕ್ಕುಬಂದಿಯವರು ನೆಲವನ್ನು ಮೆಟ್ಟದೆ ಒಂದು ಪತ್ರವನ್ನೂ ಬರೆಯಲಿಲ್ಲ. ಹೊಸ ಬೂಟು ಕೊಳ್ಳಲೂ ಇಲ್ಲ. ಉಳಿದ ಒಂಟಿ ಬೂಟಿನಲ್ಲಿ ಲೇಖನಿಗಳನ್ನು ಇಟ್ಟು ಮೇಜಿನ ಮೇಲೆ ನಿಲ್ಲಿಸಿಕೊಂಡಿದ್ದರು. ಮಳೆಗಾಲದಲ್ಲಿ ಮಣ್ಣು ಮೆತ್ತಿದ ಚಪ್ಪಲಿಯಲ್ಲೇ ಜಗುಲಿಗೆ ಬಂದು ನನ್ನ ಕಡತಗಳಿಗೆಲ್ಲ ಕೆಸರು ಹತ್ತಿಸುವರು. ನಾನು ಬೈದರೆ, "ಎಲ್ಲಿಯ ಕೆಸರು ಕೇಳಿ" ಎಂದು ನಾಲ್ಕೂ ದಿಕ್ಕು ಹೇಳಲು ತೊಡಗುವರು. ಮೊನ್ನೆ ಪಶುವೈದ್ಯೆ ಬಂದು, ಮೇಲಿನ ಕಾಡಿನಲ್ಲಿ ಗುರುತು ಹಾಕಿದ ನೀರುನಾಯಿಯೊಂದು ಕೆಳಗಿನ ಜೌಗಿನಲ್ಲಿ ಕಂಡಿತೆಂದು ಹೇಳಿದರು. ಹನ್ನೊಂದು ಹೊಲ ದಾಟಿ ಅದು ಬಂದಿತ್ತು, ಒಂದು ಪತ್ರವನ್ನೂ ಓದದೆ.

ಎಂದೂ ತಪ್ಪದವರು ಲೋಕದಲ್ಲಿ ಇದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ, ಪ್ರೀತಿ ಇಲ್ಲ. ತಪ್ಪಿ, ಅದನ್ನು ಹೊಳೆಯ ಮೇಲೆ ಹೊರಿಸಿ, ಮುದಿವಯಸ್ಸಿನವರೆಗೂ ಹಟ ಹಿಡಿದು, ಕೊನೆಗೊಂದು ಬೆಳಗ್ಗೆ ಬೂಟು ಬಿಚ್ಚಿ ನೀರಿಗೆ ಇಳಿಯುವವರ ಕುಲವೊಂದಿದೆ. ಹಾಳಾದ ನೆಲವೂ ಬಿಟ್ಟುಹೋದ ಮಾತೂ ಮತ್ತೆ ಕೂಡಿಕೊಳ್ಳುವುದು ಇಂಥವರ ಕೈಯಲ್ಲಿ. ಅವರು ಎಲ್ಲ ಊರಲ್ಲೂ ಇರುತ್ತಾರೆ. ಬರುವುದು ಮಾತ್ರ ತಡ. ದಡದಲ್ಲಿ ಯಾರೋ ಒಬ್ಬರು, ಕರುವಿನೆದುರು ಬೈದುಕೊಂಡಾದರೂ, ಅವರಿಗಾಗಿ ಕಾದಿರಬೇಕು.